ರೌಡಿಯ ಪಕ್ಕ ನಿಂತ ಹೆಣ್ಣಿಗೂ ವಯಸ್ಸಿದೆ, ಕೆಲಸವಿದೆ, ಕಾನೂನಿದೆ: ಚಲನಚಿತ್ರ ಅಕಾಡೆಮಿಗೆ, ಚಿತ್ರಕಥೆಗಾರರಿಗೆ ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು, ಕರ್ನಾಟಕ ಚಲನಚಿತ್ರ ಅಕಾಡೆಮಿ,
ಹಾಗೂ ಭೂಗತ ಲೋಕದ ಕಥೆ ಬರೆಯುತ್ತಿರುವ ಎಲ್ಲ ಚಿತ್ರಕಥೆಗಾರರು ಮತ್ತು ಕಾದಂಬರಿಕಾರರು

ಮಾನ್ಯರೇ,

ನಮ್ಮ ರೌಡಿಸಂ ಚಿತ್ರಗಳಲ್ಲಿ ನಾಯಕನಿಗೆ ಊರಿರುತ್ತದೆ, ತಾಯಿ ಇರುತ್ತಾಳೆ, ಅವನು ಮಚ್ಚು ಹಿಡಿಯಲು ಒಂದು ಕಾರಣವಿರುತ್ತದೆ. ಅವನ ಪಕ್ಕದಲ್ಲಿರುವ ಹೆಣ್ಣಿಗೆ ಸಿಗುವುದು ಒಂದು ಹಾಡು, ಒಂದು ಕಪಾಳಮೋಕ್ಷ, ಕೊನೆಯ ಅರ್ಧ ಗಂಟೆಯಲ್ಲಿ ಒಂದು ಸಾವು. ಆ ಸಾವೂ ಅವಳದಲ್ಲ, ಅವನಿಗೆ ಸಿಟ್ಟು ಬರಿಸಲು ಇಟ್ಟದ್ದು. ಹಿಂದಿನ ಚಿತ್ರಗಳಲ್ಲಿ ಕಳ್ಳಸಾಗಣೆದಾರನ ಅಡ್ಡೆಯಲ್ಲಿ ಕ್ಯಾಬರೆ ಕುಣಿದು, ನಾಯಕನಿಗೆ ಗುಟ್ಟು ಹೇಳಿ, ಗುಂಡು ತಿಂದು ಬೀಳುತ್ತಿದ್ದವಳೂ ಇವಳೇ. ಬಟ್ಟೆ ಬದಲಾಗಿದೆ, ಪಾತ್ರ ಬದಲಾಗಿಲ್ಲ.

ನಾವು ಮೈಸೂರು ಮತ್ತು ಮಂಡ್ಯದಲ್ಲಿ ಕ್ರಿಮಿನಲ್ ಕೇಸು ನಡೆಸುವವರು, ಕೋರ್ಟಿನ ಸುದ್ದಿ ಬರೆಯುವವರು, ಸಿನಿಮಾ ಸಾಹಿತ್ಯವನ್ನು ಗಂಭೀರವಾಗಿ ಓದುವವರು. ನಂಜನಗೂಡು ತಾಲ್ಲೂಕಿನ ಹಿಮ್ಮಾವಿನಲ್ಲಿ ಚಿತ್ರನಗರಿ ಕಟ್ಟುವ ಯೋಜನೆ ಇದೆ, ನಮ್ಮ ಕಡೆಯ ಹುಡುಗ ಹುಡುಗಿಯರು ಕಥೆ ಹಿಡಿದು ಓಡಾಡುತ್ತಿದ್ದಾರೆ. ಅವರು ಬರೆಯುವ ಮುಂದಿನ ಕಥೆಯಲ್ಲಾದರೂ ಈ ಹೆಣ್ಣು ದಾಖಲೆಗಳಲ್ಲಿ ಇರುವಂತೆ ಬರಲಿ ಎಂಬುದು ನಮ್ಮ ಆಸೆ. ದಾಖಲೆಯಲ್ಲಿ ಅವಳು ಯಾರ ಪಾಲಿಗೂ ಅಲಂಕಾರವಲ್ಲ. ಅವಳಿಗೆ ಮಾಡಲು ಕೆಲಸವಿದೆ, ಅನುಭವಿಸಲು ಶಿಕ್ಷೆಯಿದೆ, ಅವನು ಸತ್ತ ಮೇಲೆ ಬದುಕಲು ನಲವತ್ತು ಐವತ್ತು ವರ್ಷಗಳಿವೆ.

ಜಗತ್ತೆಲ್ಲ ಬಲ್ಲ ಹೆಸರಿನಿಂದ ಶುರು ಮಾಡೋಣ. ಅಮೆರಿಕದ ದರೋಡೆಕೋರ ಕ್ಲೈಡ್ ಬ್ಯಾರೋನ ಸಂಗಾತಿ ಬಾನಿ ಪಾರ್ಕರ್ ಅಂದ ಕೂಡಲೇ ಕಣ್ಣಿಗೆ ಬರುವುದು ಬಾಯಲ್ಲಿ ಸಿಗಾರ್, ಕೈಯಲ್ಲಿ ಪಿಸ್ತೂಲು, ಕಾರಿನ ಮೇಲೆ ಒಂದು ಕಾಲು. ಆ ಫೋಟೋ ತಮಾಷೆಗೆ ತೆಗೆದದ್ದು. 1933ರ ಏಪ್ರಿಲ್‌ನಲ್ಲಿ ಮಿಸೌರಿಯ ಜಾಪ್ಲಿನ್‌ನಲ್ಲಿ ಪೊಲೀಸರು ಮನೆ ಸುತ್ತಿದಾಗ ಗ್ಯಾಂಗು ಗುಂಡು ಹಾರಿಸಿ ಪರಾರಿಯಾಯಿತು. ಬಿಟ್ಟುಹೋದ ಸಾಮಾನಿನಲ್ಲಿ ತೊಳೆಯದ ಫಿಲ್ಮ್ ರೋಲುಗಳು ಸಿಕ್ಕವು. ಊರಿನ ಪತ್ರಿಕೆ ಅದನ್ನು ತೊಳೆಸಿ ಅಚ್ಚು ಹಾಕಿತು. ಆಕೆ ಸೇದುತ್ತಿದ್ದದ್ದು ಸಿಗರೇಟು, ಸಿಗಾರ್ ಅಲ್ಲ. ಜೊತೆಯಲ್ಲಿ ತಿರುಗಿದ ಡಬ್ಲ್ಯು.ಡಿ. ಜೋನ್ಸ್, ಆಕೆ ಗುಂಡು ಹಾರಿಸಿದ್ದನ್ನು ತಾನು ನೋಡೇ ಇಲ್ಲ ಎಂದು ಮುಂದೆ ಹೇಳಿದ. ಹಾಗೆಂದು ಆಕೆ ಏನೂ ಮಾಡದ ಅಮಾಯಕಿಯೂ ಅಲ್ಲ. 1930ರಲ್ಲಿ ಕ್ಲೈಡ್ ಬ್ಯಾರೋ ಟೆಕ್ಸಸ್‌ನ ವೇಕೋ ಜೈಲಿನಲ್ಲಿದ್ದಾಗ ಪಿಸ್ತೂಲು ಬಚ್ಚಿಟ್ಟುಕೊಂಡು ಹೋಗಿ ತಲುಪಿಸಿದವಳು ಆಕೆಯೇ. ನಿಮಗೆ ದೃಶ್ಯ ಬೇಕಾದರೆ ಇದು ದೃಶ್ಯ: ಡಲ್ಲಾಸ್‌ನ ಹೋಟೆಲಿನಲ್ಲಿ ತಟ್ಟೆ ಎತ್ತುತ್ತಿದ್ದ ಹತ್ತೊಂಬತ್ತರ ಹುಡುಗಿ ಜೈಲಿನ ತಪಾಸಣೆ ದಾಟುವುದು.

ಆಮೇಲೆ ಏನಾಯಿತು ಎಂಬುದನ್ನು ಪೋಸ್ಟರುಗಳು ಹೇಳುವುದಿಲ್ಲ. 1933ರ ಜೂನ್‌ನಲ್ಲಿ ಟೆಕ್ಸಸ್‌ನ ವೆಲ್ಲಿಂಗ್ಟನ್ ಬಳಿ ಕ್ಲೈಡ್ ಓಡಿಸುತ್ತಿದ್ದ ಕಾರು ಉರುಳಿತು. ಬ್ಯಾಟರಿಯ ಆಸಿಡ್ ಬಿದ್ದು ಆಕೆಯ ಬಲಗಾಲು ಮೂಳೆ ಕಾಣುವಷ್ಟು ಸುಟ್ಟಿತು. ಆಸ್ಪತ್ರೆಗೆ ಹೋಗುವಂತಿರಲಿಲ್ಲ. ಅಲ್ಲಿಂದ ಸಾಯುವವರೆಗೆ ಆಕೆ ಕುಂಟುತ್ತಲೇ ನಡೆದಳು, ಎಷ್ಟೋ ಸಲ ಅವನು ಎತ್ತಿಕೊಂಡು ಹೋಗಬೇಕಾಯಿತು. 1934ರ ಮೇ 23ರಂದು ಲೂಸಿಯಾನಾದ ರಸ್ತೆಯೊಂದರಲ್ಲಿ ಆರು ಮಂದಿ ಅಧಿಕಾರಿಗಳು ಹೊಂಚು ಹಾಕಿ ಸುಮಾರು 130 ಗುಂಡು ಹಾರಿಸಿದರು. ಆಕೆಗೆ ಆಗ 23. ಬೆರಳಲ್ಲಿದ್ದದ್ದು ಕ್ಲೈಡ್ ಕೊಟ್ಟ ಉಂಗುರವಲ್ಲ, ಹದಿನಾರು ತುಂಬುವ ಮೊದಲೇ ಮದುವೆಯಾಗಿದ್ದ ರಾಯ್ ಥಾರ್ನ್‌ಟನ್‌ನದು. ವಿಚ್ಛೇದನ ಆಗಿರಲೇ ಇಲ್ಲ. ಈ ಉಂಗುರವೊಂದರ ಸುತ್ತ ಬರೆಯಬಹುದಾದ ಕಥೆಯನ್ನು ಸಿಗಾರ್‌ನ ಹೊಗೆ ಮುಚ್ಚಿಬಿಟ್ಟಿದೆ.

ಅದೇ ಗ್ಯಾಂಗಿನ ಇನ್ನೊಬ್ಬ ಹೆಣ್ಣು ಬ್ಲಾಂಚ್, ಕ್ಲೈಡ್‌ನ ಅಣ್ಣ ಬಕ್‌ನ ಹೆಂಡತಿ. 1933ರ ಜುಲೈನಲ್ಲಿ ಅಯೋವಾದಲ್ಲಿ ಸಿಕ್ಕಿಬಿದ್ದಾಗ 22 ವರ್ಷ. ಗಾಜಿನ ಚೂರು ಹೊಕ್ಕು ಎಡಗಣ್ಣಿನ ದೃಷ್ಟಿ ಹೋಗಿತ್ತು, ಗಂಡ ಕೆಲವೇ ದಿನಗಳಲ್ಲಿ ಸತ್ತ. ಹತ್ತು ವರ್ಷದ ಶಿಕ್ಷೆಯಾಗಿ ಆರು ವರ್ಷ ಅನುಭವಿಸಿ 1939ರಲ್ಲಿ ಹೊರಬಂದಳು. 1967ರಲ್ಲಿ ಈ ಗ್ಯಾಂಗಿನ ಮೇಲೆ ಬಂದ ಹಾಲಿವುಡ್ ಚಿತ್ರದಲ್ಲಿ ಅವಳ ಪಾತ್ರವನ್ನು ನಲವತ್ತರ ಹತ್ತಿರದ ಎಸ್ಟೆಲ್ ಪಾರ್ಸನ್ಸ್ ಮಾಡಿದರು, ಚಿತ್ರದುದ್ದಕ್ಕೂ ಕಿರುಚುವ ಹೆಂಗಸಾಗಿ. ಆ ಪಾತ್ರಕ್ಕೆ ಆಸ್ಕರ್ ಬಂತು. ಬದುಕಿದ್ದ ಬ್ಲಾಂಚ್ ಆ ಚಿತ್ರಣವನ್ನು ಕೊನೆತನಕ ಒಪ್ಪಲಿಲ್ಲ. ಅವಳು ತೀರಿಕೊಂಡದ್ದು 1988ರಲ್ಲಿ. ನೀವು ಬರೆಯುವ ಹೆಣ್ಣು ಬದುಕಿರಬಹುದು, ಚಿತ್ರಮಂದಿರದ ಕತ್ತಲಲ್ಲಿ ಕುಳಿತು ನಿಮ್ಮ ಚಿತ್ರ ನೋಡಬಹುದು. ಇದನ್ನು ಮರೆತ ಬರಹಗಾರ ತನ್ನ ಕೆಲಸದ ಅರ್ಧ ಜವಾಬ್ದಾರಿಯನ್ನು ಕೈಬಿಟ್ಟಂತೆ.

ಬಾನಿ, ಕ್ಲೈಡ್ ಸತ್ತ ಮೇಲೂ ಸರ್ಕಾರ ಸುಮ್ಮನಾಗಲಿಲ್ಲ. 1935ರ ಫೆಬ್ರುವರಿಯಲ್ಲಿ ಡಲ್ಲಾಸ್‌ನಲ್ಲಿ, ಆಶ್ರಯ ಕೊಟ್ಟ ಆರೋಪದ ಮೇಲೆ ನೆಂಟರು, ಸ್ನೇಹಿತರು ಸೇರಿ ಇಪ್ಪತ್ತು ಮಂದಿಯನ್ನು ವಿಚಾರಣೆಗೆ ನಿಲ್ಲಿಸಿತು. ಇಬ್ಬರ ತಾಯಂದಿರೂ ಮೂವತ್ತು ದಿನ ಜೈಲಿನಲ್ಲಿದ್ದರು. ಮಕ್ಕಳಿಗೆ ಅನ್ನ ಕೊಟ್ಟದ್ದು, ಬಟ್ಟೆ ಕೊಟ್ಟದ್ದು ಅಪರಾಧವಾಗಿತ್ತು. ಅದೇ ಕಾಲದ ಬ್ಯಾಂಕ್ ದರೋಡೆಕೋರ ಜಾನ್ ಡಿಲ್ಲಿಂಜರ್‌ನ ಗೆಳತಿ ಬಿಲ್ಲಿ ಫ್ರೆಶೆಟ್‌ಗೂ ಇದೇ ಆರೋಪ: ಎರಡು ವರ್ಷ ಜೈಲು, ಸಾವಿರ ಡಾಲರ್ ದಂಡ. ಅವನನ್ನು ಹಿಡಿದುಕೊಟ್ಟ ‘ಕೆಂಪು ಉಡುಪಿನ ಹೆಂಗಸು’ ಆನಾ ಸೇಜ್ 1934ರ ಜುಲೈ 22ರ ರಾತ್ರಿ ತೊಟ್ಟಿದ್ದದ್ದು ಕಿತ್ತಳೆ ಬಣ್ಣದ ಲಂಗ. ಅವನ ಜೊತೆ ಹೋಗಿದ್ದ ಚಿತ್ರಮಂದಿರದ ದೀಪದಲ್ಲಿ ಅದು ಕೆಂಪಾಗಿ ಕಂಡಿತು. ಅವಳು ಬಾಯಿಬಿಟ್ಟದ್ದು ತನ್ನನ್ನು ರುಮೇನಿಯಾಕ್ಕೆ ಗಡಿಪಾರು ಮಾಡಬಾರದು ಎಂಬ ಆಸೆಯಿಂದ. ಐದು ಸಾವಿರ ಡಾಲರ್ ಇನಾಮು ಬಂತು, 1936ರಲ್ಲಿ ಗಡಿಪಾರೂ ಆಯಿತು.

ಈಗ ನಮ್ಮ ನೆಲದ ಕಾನೂನಿಗೆ ಬರೋಣ. ಚಿತ್ರಕಥೆಗಾರರಿಗೆ ನಾವು ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿದೆ, ಯಾಕೆಂದರೆ ನಮ್ಮ ಕಥೆಗಳಲ್ಲಿ ಇದನ್ನು ಬಳಸಿಕೊಂಡದ್ದು ಬಲು ಕಡಿಮೆ.

ಅಪರಾಧಿಗೆ ಆಶ್ರಯ ಕೊಡುವುದು ಹಿಂದೆ ಭಾರತೀಯ ದಂಡ ಸಂಹಿತೆಯ 212ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 249ನೇ ಕಲಂ. ಅವನು ಮಾಡಿದ್ದು ಮರಣದಂಡನೆಗೆ ಗುರಿಯಾಗುವ ಅಪರಾಧವಾದರೆ ಬಚ್ಚಿಟ್ಟವರಿಗೆ ಐದು ವರ್ಷದವರೆಗೆ ಶಿಕ್ಷೆ. ಆದರೆ ಈ ಕಲಮಿಗೆ ಒಂದು ವಿನಾಯಿತಿ ಇದೆ: ಬಚ್ಚಿಟ್ಟವರು ಗಂಡ ಅಥವಾ ಹೆಂಡತಿಯಾಗಿದ್ದರೆ ಅದು ಅನ್ವಯಿಸದು. ಅದೇ ನ್ಯಾಯ ಸಂಹಿತೆಯಲ್ಲಿ ಸಂಘಟಿತ ಅಪರಾಧದ 111ನೇ ಕಲಮಿನ 5ನೇ ಉಪಕಲಂ ಇನ್ನೂ ಕಠಿಣ. ಕನಿಷ್ಠ ಮೂರು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ, ಕನಿಷ್ಠ ಐದು ಲಕ್ಷ ದಂಡ. ಅಲ್ಲಿಯೂ ಪತಿ ಪತ್ನಿಗೆ ವಿನಾಯಿತಿ ಇದೆ. ಅಮ್ಮನಿಗೆ ಇಲ್ಲ, ಅಕ್ಕನಿಗೆ ಇಲ್ಲ, ಪ್ರೀತಿಸಿದವಳಿಗೆ ಇಲ್ಲ.

ಎರಡನೆಯ ಹೆಂಡತಿಗೂ ಇಲ್ಲ ಎಂಬುದು ಇದರ ಮುಂದಿನ ಮಾತು. ಮೊದಲ ಹೆಂಡತಿ ಬದುಕಿದ್ದು ವಿಚ್ಛೇದನ ಆಗದಿದ್ದರೆ, 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಎರಡನೆಯ ಮದುವೆ ಅಸಿಂಧು. ಮೇಲುಕೋಟೆಯಲ್ಲಿ ತಾಳಿ ಕಟ್ಟಿಸಿಕೊಂಡಿರಲಿ, ಊರೆಲ್ಲ ಊಟ ಹಾಕಿಸಿರಲಿ, ಕಾನೂನಿನ ಕಣ್ಣಿಗೆ ಅವಳು ಹೆಂಡತಿಯಲ್ಲ. ಒಂದೇ ರಾತ್ರಿ ಅವನು ಇಬ್ಬರ ಮನೆಯಲ್ಲೂ ಅವಿತುಕೊಂಡಿದ್ದರೆ ಒಬ್ಬಳು ಮನೆಯಲ್ಲೇ ಉಳಿಯುತ್ತಾಳೆ, ಇನ್ನೊಬ್ಬಳು ಆರೋಪಿ. ಗಂಡ ಹೆಂಡಿರ ನಡುವಿನ ಮಾತಿಗೆ ಸಾಕ್ಷ್ಯ ಕಾನೂನು ಕೊಡುವ ರಕ್ಷಣೆಯೂ (ಹಿಂದಿನ 122ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 128) ಎರಡನೆಯವಳಿಗೆ ಸಿಗುವುದಿಲ್ಲ. ಅವನು ಅವಳ ಮಡಿಲಲ್ಲಿ ತಲೆಯಿಟ್ಟು ಹೇಳಿದ್ದನ್ನೆಲ್ಲ ಕಟಕಟೆಯಲ್ಲಿ ನಿಲ್ಲಿಸಿ ಕೇಳಬಹುದು. ಮಕ್ಕಳ ವಿಷಯ ಮಾತ್ರ ಬೇರೆ. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರ್ 1ರಂದು, ಅಸಿಂಧು ಮದುವೆಯ ಮಕ್ಕಳಿಗೂ ಅವಿಭಕ್ತ ಕುಟುಂಬದಲ್ಲಿ ತಂದೆಗೆ ಬರುವ ಭಾಗದಲ್ಲಿ ಹಕ್ಕಿದೆ ಎಂದಿತು. ರೌಡಿ ಸತ್ತ ಹದಿನೈದನೆಯ ದಿನ ಎರಡು ಮನೆಗಳ ನಡುವೆ ಏನೇನು ನಡೆಯಬಹುದು, ಯೋಚಿಸಿ.

ಮೊದಲ ಹೆಂಡತಿಗೆ ಇರುವ ರಕ್ಷಣೆಗೂ ಒಂದು ಗಡಿ ಇದೆ. ಅವನನ್ನು ಬಚ್ಚಿಟ್ಟರೆ ವಿನಾಯಿತಿ, ಅವನ ಆಸ್ತಿ ಬಚ್ಚಿಟ್ಟರೆ ಇಲ್ಲ. ಅದೇ 111ನೇ ಕಲಮಿನ 7ನೇ ಉಪಕಲಂ: ಸಂಘಟಿತ ಅಪರಾಧ ಕೂಟದ ಸದಸ್ಯನ ಪರವಾಗಿ, ಲೆಕ್ಕ ಕೊಡಲಾಗದ ಆಸ್ತಿ ಇಟ್ಟುಕೊಂಡವರಿಗೆ ಮೂರರಿಂದ ಹತ್ತು ವರ್ಷ, ಕನಿಷ್ಠ ಒಂದು ಲಕ್ಷ ದಂಡ. ಇಲ್ಲಿ ಪತ್ನಿ ಎಂಬ ವಿನಾಯಿತಿ ಬರೆದಿಲ್ಲ. ಗೊತ್ತಿರುವ ಆದಾಯದಿಂದ ಹೆಂಡತಿಯ ಹೆಸರಲ್ಲಿ ಕೊಂಡ ಸೈಟು ಬೇನಾಮಿಯಲ್ಲ, ಮೂಲ ಹೇಳಲಾಗದ ದುಡ್ಡಿನದಾದರೆ ಬೇನಾಮಿ. ಹಾಗಾಗಿ ಮೈಸೂರು ರಿಂಗ್ ರೋಡಿನ ಆಚೆ ಅವಳ ಹೆಸರಿಗೆ ನೋಂದಣಿಯಾದ ಆ ಸೈಟು ಪ್ರೀತಿಯ ಕಾಣಿಕೆಯಾಗಿ ಬಂದು ಹತ್ತು ವರ್ಷದ ಶಿಕ್ಷೆಯಾಗಿ ತಿರುಗಬಹುದು. ಸಹಿ ಹಾಕುವಾಗ ಅವಳಿಗೆ ಇದು ಗೊತ್ತಿತ್ತೇ? ನಿಮ್ಮ ಇಡೀ ಎರಡನೆಯ ಭಾಗ ಈ ಪ್ರಶ್ನೆಯ ಮೇಲೆ ನಿಲ್ಲಬಲ್ಲದು. ಕೋಕಾ (ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆ) ಹಾಕಿದ ಪ್ರಕರಣವಾದರೆ ಆ ವಿಶೇಷ ಕಾಯ್ದೆಯ ಕಲಮುಗಳನ್ನು ಬೇರೆಯಾಗಿ ಓದಿಕೊಂಡು ಬರೆಯಿರಿ, ಎರಡನ್ನೂ ಬೆರೆಸಬೇಡಿ.

ಕಾಗದವೇ ಕೈಕೋಳವಾದದ್ದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ನಟಿ ಮೋನಿಕಾ ಬೇಡಿ ಅವರದು. 2002ರಲ್ಲಿ ಲಿಸ್ಬನ್‌ನಲ್ಲಿ ಮುಂಬೈ ಭೂಗತ ಲೋಕದ ಅಬು ಸಲೇಂ ಜೊತೆ ಬಂಧನ, 2005ರಲ್ಲಿ ಭಾರತಕ್ಕೆ. ಶಿಕ್ಷೆಯಾದದ್ದು ಬೇರೆ ಹೆಸರಿನ ಪಾಸ್‌ಪೋರ್ಟ್ ಪ್ರಕರಣದಲ್ಲಿ. 2010ರಲ್ಲಿ ಸುಪ್ರೀಂ ಕೋರ್ಟು ತೀರ್ಪನ್ನು ಎತ್ತಿಹಿಡಿದು, ಶಿಕ್ಷೆಯನ್ನು ಅದಾಗಲೇ ಜೈಲಿನಲ್ಲಿ ಕಳೆದಿದ್ದ ಅವಧಿಗೆ ಇಳಿಸಿತು.

ಇನ್ನು ಪೊಲೀಸ್ ದೃಶ್ಯಗಳು. ನಡುರಾತ್ರಿ ಜೀಪು ಬರುತ್ತದೆ, ಅವಳ ಜುಟ್ಟು ಹಿಡಿದು ಠಾಣೆಗೆ ಎಳೆದೊಯ್ಯುತ್ತಾರೆ, ಬೆಳಗ್ಗೆ ನಾಯಕ ಬಂದು ಬಿಡಿಸುತ್ತಾನೆ. ನಿಜದಲ್ಲಿ ಹೀಗೆ ನಡೆಯುವುದೇ ಇಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ಹಾಗೆ ಮಾಡಿದ ಅಧಿಕಾರಿ ಕಾನೂನು ಮುರಿದಿದ್ದಾನೆ ಎಂಬುದು ಚಿತ್ರದಲ್ಲಿ ಗೊತ್ತಾಗಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನಂತೆ ಸಾಕ್ಷಿಯಾಗಿ ವಿಚಾರಿಸಲು ಹೆಂಗಸನ್ನು ಅವಳು ವಾಸವಿರುವ ಜಾಗ ಬಿಟ್ಟು ಬೇರೆಡೆಗೆ ಕರೆಸುವಂತಿಲ್ಲ. 43ನೇ ಕಲಮಿನಂತೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವಂತಿಲ್ಲ. ವಿಶೇಷ ಸಂದರ್ಭವಿದ್ದರೆ ಮಹಿಳಾ ಅಧಿಕಾರಿಯೇ ಲಿಖಿತ ವರದಿ ಕೊಟ್ಟು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆಯಬೇಕು. ಮೈ ತಪಾಸಣೆಯನ್ನು ಹೆಂಗಸೇ ಮಾಡಬೇಕು. ಐದು ವರ್ಷ ರೌಡಿಯ ಮನೆ ನಡೆಸಿದ ಹೆಂಗಸಿಗೆ ಇದೆಲ್ಲ ಬಾಯಿಪಾಠ. ಮಂಡ್ಯ ಸೀಮೆಯಲ್ಲಿ ಅವಳು ಬಾಗಿಲಲ್ಲೇ ನಿಂತು, “ವಿಚಾರ್ಣೆ ಆದ್ರೆ ಇಲ್ಲೇ ಕೇಳಿ ಸಾರ್. ನೋಟೀಸ್ ಎಲ್ಲೈತೆ? ಲೇಡಿ ಪೊಲೀಸು ಎಲ್ಲವ್ರೆ?” ಎಂದು ಕೇಳುತ್ತಾಳೆ. ಕಿರುಚಾಟಕ್ಕಿಂತ ಈ ಮೂರು ಮಾತಿಗೆ ಚಿತ್ರಮಂದಿರ ಹೆಚ್ಚು ಮೌನವಾಗುತ್ತದೆ.

ಅವನು ಒಳಗೆ ಹೋದ ಮೇಲೆ ಅವಳ ಕೆಲಸ ಶುರುವಾಗುತ್ತದೆ. ಗೂಂಡಾ ಕಾಯ್ದೆಯನ್ನು ತೆಗೆದುಕೊಳ್ಳಿ. 1985ರ ಈ ಕರ್ನಾಟಕ ಕಾಯ್ದೆಯಡಿ ಮುಂಜಾಗ್ರತೆಯಾಗಿ ಗರಿಷ್ಠ ಹನ್ನೆರಡು ತಿಂಗಳು ಬಂಧನದಲ್ಲಿಡಬಹುದು. ಜಿಲ್ಲಾಧಿಕಾರಿ ಅಥವಾ ಪೊಲೀಸ್ ಆಯುಕ್ತರ ಆದೇಶಕ್ಕೆ ಹನ್ನೆರಡು ದಿನದೊಳಗೆ ಸರ್ಕಾರದ ಒಪ್ಪಿಗೆ ಬೇಕು, ಮೂರು ವಾರದೊಳಗೆ ಸಲಹಾ ಮಂಡಳಿಯ ಮುಂದೆ ಇಡಬೇಕು, ಏಳು ವಾರದೊಳಗೆ ಮಂಡಳಿ ವರದಿ ಕೊಡಬೇಕು. ಇದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋಗುವ ಹೇಬಿಯಸ್ ಕಾರ್ಪಸ್ (ಬಂಧಿತನನ್ನು ಕೋರ್ಟಿನ ಮುಂದೆ ತರಿಸಿ ಎಂದು ಕೇಳುವ) ಅರ್ಜಿಗಳನ್ನು ತೆರೆದು ನೋಡಿ. ಅರ್ಜಿದಾರರ ಜಾಗದಲ್ಲಿ ಮತ್ತೆ ಮತ್ತೆ ಕಾಣುವುದು ಹೆಂಡತಿಯ ಹೆಸರು, ಇಲ್ಲವೇ ತಾಯಿಯ ಹೆಸರು. ಎಷ್ಟೋ ಆದೇಶಗಳು ಬಿದ್ದುಹೋಗುವುದು ಸಣ್ಣ ಕಾರಣಗಳಿಗೆ: ಕೊಟ್ಟ ಪ್ರತಿಗಳು ಓದಲಾಗದಷ್ಟು ಮಸುಕು, ಬಂಧಿತನಿಗೆ ಗೊತ್ತಿರುವ ಭಾಷೆಯಲ್ಲಿ ಅನುವಾದ ಕೊಟ್ಟಿಲ್ಲ, ಅವನು ಬರೆದ ಮನವಿಯನ್ನು ಸರ್ಕಾರ ತಡವಾಗಿ ನೋಡಿದೆ. ಆದ್ದರಿಂದ ಜೈಲಿನಿಂದ ಬಂದ ಪ್ರತಿಯೊಂದು ಹಾಳೆಯನ್ನೂ, ಯಾವ ದಿನ ಕೈಗೆ ಬಂತು ಎಂದು ಮೂಲೆಯಲ್ಲಿ ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡುವವಳು ಇವಳು. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ವಕೀಲರ ಆಫೀಸಿನ ಬೆಂಚಿನ ಮೇಲೆ ಕಾಯುವವಳೂ ಇವಳೇ.

ಜಾಮೀನು ಸಿಕ್ಕಿತು ಎಂದ ಕೂಡಲೇ ನಮ್ಮ ಚಿತ್ರಗಳಲ್ಲಿ ಜೈಲಿನ ಗೇಟು ತೆರೆದು ಸ್ಲೋ ಮೋಷನ್ ಶುರುವಾಗುತ್ತದೆ. ಆದೇಶಕ್ಕೂ ಗೇಟಿಗೂ ನಡುವೆ ಜಾಮೀನುದಾರ ಇದ್ದಾನೆ. ಅವನ ಪಹಣಿ, ಕಂದಾಯದ ರಸೀದಿ, ಆಧಾರ್ ಬೇಕು, ಪ್ರಮಾಣಪತ್ರ ಬೇಕು, ಅವನೇ ಬಂದು ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಆರೋಪಿ ಮುಂದೆ ಕೋರ್ಟಿಗೆ ಬಾರದಿದ್ದರೆ ಬಾಂಡ್ ಮುಟ್ಟುಗೋಲಾಗಿ ಆ ಹಣ ಜಾಮೀನುದಾರನ ತಲೆಗೆ ಬರುತ್ತದೆ. ಹಾಗಾದರೆ ಪಹಣಿ ಕೊಡುವವರು ಯಾರು? ಗ್ಯಾಂಗಿನ ಹುಡುಗರಿಗೆ ಜಮೀನಿಲ್ಲ, ಇದ್ದವರು ಹಿಂಜರಿಯುತ್ತಾರೆ. ಅವಳು ತವರಿಗೆ ಹೋಗಬೇಕು. ಪಾಂಡವಪುರದ ಕಡೆ ಎರಡು ಎಕರೆ ಕಬ್ಬು ಹಾಕಿಕೊಂಡಿರುವ ತಮ್ಮನ ಎದುರು, ಅವನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುವಾಗ, ಬಾಯಿಬಿಟ್ಟು ಕೇಳಬೇಕು. ಒಂದು ಕೊಲೆಯ ದೃಶ್ಯಕ್ಕಿಂತ ದೊಡ್ಡ ದೃಶ್ಯ ಇದು, ಇದಕ್ಕೆ ಫೈಟ್ ಮಾಸ್ಟರ್ ಬೇಡ.

ಸಂಬೋಧನೆಯಲ್ಲೂ ಎಚ್ಚರ ಇರಲಿ. ‘ಅಣ್ಣ’ನ ಮದುವೆಯ ಹೆಂಡತಿಯನ್ನು ಹುಡುಗರು ‘ಅತ್ತಿಗೆ’ ಅನ್ನುತ್ತಾರೆ, ಕಣ್ಣೆತ್ತಿ ಮಾತಾಡುವುದಿಲ್ಲ. ಇನ್ನೊಂದು ಮನೆಯವಳಿಗೆ ‘ಅಕ್ಕ’ ಸಿಗಬಹುದು, ಅವನು ಜೈಲಿಗೆ ಹೋದ ಮೇಲೆ ಅದೂ ನಿಲ್ಲಬಹುದು. ಅವಳು ಅವನ ಬಗ್ಗೆ ಹೊರಗಿನವರೊಂದಿಗೆ ‘ನಮ್ಮನೆಯವ್ರು’ ಅನ್ನುತ್ತಾಳೆಯೇ, ಹೆಸರು ಹಿಡಿಯುತ್ತಾಳೆಯೇ ಎಂಬುದರಲ್ಲೇ ಅವಳ ಸ್ಥಾನ ಗೊತ್ತಾಗುತ್ತದೆ. ವಯಸ್ಸಿನ ಲೆಕ್ಕವೂ ತಪ್ಪುತ್ತದೆ. ನಾಯಕ ಏಳು ವರ್ಷ ಜೈಲಿನಲ್ಲಿದ್ದು ಗಡ್ಡದಲ್ಲಿ ಬಿಳಿ ಹೊತ್ತು ಬರುತ್ತಾನೆ, ಅವಳು ಮಾತ್ರ ಅದೇ ಸೀರೆ, ಅದೇ ಮುಖ. ಮಗು ಯಾವ ಶಾಲೆ, ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂದಿರುವ ಕಡೆ ಏನು ಬರೆದರು, ಬಾಡಿಗೆ ಮನೆ ಕೊಟ್ಟವರು ಯಾರು, ಇವಕ್ಕೆ ಉತ್ತರ ಬರೆದಿಟ್ಟುಕೊಂಡು ಆಮೇಲೆ ಸಂಭಾಷಣೆಗೆ ಕೂರಿ.

ಹೊಡೆತದ ಬಗ್ಗೆ ಗಟ್ಟಿಯಾಗಿಯೇ ಹೇಳುತ್ತೇವೆ. 1931ರ ಒಂದು ಅಮೆರಿಕನ್ ಚಿತ್ರದಲ್ಲಿ ಜೇಮ್ಸ್ ಕಾಗ್ನಿ ಊಟದ ಮೇಜಿನಲ್ಲಿ ಚಕ್ಕೋತದಂಥ ಹಣ್ಣಿನ ಹೋಳನ್ನು ಮೇ ಕ್ಲಾರ್ಕ್ ಮುಖಕ್ಕೆ ಒತ್ತುತ್ತಾನೆ. ತೊಂಬತ್ತು ವರ್ಷ ದಾಟಿದರೂ ಜನ ಆ ದೃಶ್ಯವನ್ನು ನಗುತ್ತಾ ನೆನೆಯುತ್ತಾರೆ. ನಮ್ಮಲ್ಲಿ ಹೊಡೆತದ ಮರುಗಳಿಗೆ ಹಾಡು ಬರುತ್ತದೆ. ಅವನ ಏಟಿಗೂ ಅವಳ ಪ್ರೀತಿಗೂ ಗಂಟು ಹಾಕುವ ಆ ಜೋಡಣೆಯನ್ನು ಸಂಕಲನದ ಮೇಜಿನಲ್ಲೇ ತಡೆಯಿರಿ ಎಂದು ಕೈಮುಗಿದು ಕೇಳುತ್ತೇವೆ.

ಹೆಣ್ಣು ಬರೀ ನರಳುವವಳು ಎಂದೂ ಬರೆಯಬೇಡಿ. ಜಪಾನಿನ ದೊಡ್ಡ ಯಾಕುಜಾ (ಭೂಗತ) ಕೂಟ ಯಾಮಾಗುಚಿ ಗುಮಿಯ ಮೂರನೆಯ ಮುಖ್ಯಸ್ಥ ಕಜುವೊ ತಾವೊಕಾ 1981ರಲ್ಲಿ ಸತ್ತಾಗ, ಮುಂದಿನವನ ಆಯ್ಕೆಯಾಗುವ 1984ರವರೆಗೆ ಕೂಟವನ್ನು ಹಿಡಿದಿಟ್ಟವಳು ಅವನ ಹೆಂಡತಿ ಫುಮಿಕೊ. ನೇಪಲ್ಸ್ ಬಳಿಯ ಪುಪೆಟ್ಟಾ ಮಾರೆಸ್ಕಾ 1955ರಲ್ಲಿ ಗಂಡನನ್ನು ಕೊಲ್ಲಿಸಿದವನನ್ನು ಹಗಲಲ್ಲೇ ಗುಂಡಿಟ್ಟು ಕೊಂದಳು, ಆಗ ಬಸುರಿ. ಇನ್ನೊಂದು ದಾರಿಯೂ ಇದೆ, ಅದು ಎಲ್ಲಕ್ಕಿಂತ ಕಷ್ಟದ್ದು. ಇಟಲಿಯ ಲೆಯಾ ಗರೋಫಾಲೊ 2002ರಲ್ಲಿ ತನ್ನ ಮಗಳ ತಂದೆಯ ಕೂಟದ ವಿರುದ್ಧ ಬಾಯಿಬಿಟ್ಟಳು. 2009ರ ನವೆಂಬರ್ 24ರಂದು ಮಿಲಾನ್‌ನಲ್ಲಿ ಅವನೇ ಅವಳನ್ನು ಕೊಲ್ಲಿಸಿದ. ಮಗಳು ಡೆನಿಸ್ ಕಟಕಟೆಯಲ್ಲಿ ನಿಂತು ಅಪ್ಪನ ವಿರುದ್ಧ ಸಾಕ್ಷಿ ಹೇಳಿದಳು, ಅವನಿಗೆ ಜೀವಾವಧಿಯಾಯಿತು.

ನಮ್ಮ ಕಡೆಯ ಕಥೆ ಕೇಳಲು ಇಟಲಿಗೆ ಹೋಗಬೇಕಿಲ್ಲ. ವೀರಪ್ಪನ್ ಕಾಲದಲ್ಲಿ ಮಲೆ ಮಹದೇಶ್ವರ ಬೆಟ್ಟ ಮೈಸೂರು ಜಿಲ್ಲೆಯದೇ ಆಗಿತ್ತು, ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಅವನ ನಂಟಿನ ಆರೋಪ ಹೊತ್ತ ನೂರಕ್ಕೂ ಹೆಚ್ಚು ಮಂದಿಯ ವಿಚಾರಣೆ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆಯ) ನ್ಯಾಯಾಲಯದಲ್ಲಿ ನಡೆದು, 2001ರಲ್ಲಿ ಬಹುಪಾಲು ಜನ ಖುಲಾಸೆಯಾದರು. ಅಷ್ಟರಲ್ಲಿ ವರ್ಷಗಟ್ಟಲೆ ಜೈಲಿನಲ್ಲಿ ಕಳೆದಿತ್ತು. ಅವನನ್ನು ಹಿಡಿಯಲು ಹೊರಟ ಪೊಲೀಸ್ ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ವಿಚಾರಿಸಿತು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಹೇಳಿತು. ಆ ಸಮಿತಿಯ ಮುಂದೆ ಬಂದು ನಿಂತ ಹಳ್ಳಿಯ ಹೆಂಗಸರಲ್ಲಿ ಅವನನ್ನು ಕಣ್ಣಲ್ಲಿ ನೋಡದವರೂ ಇದ್ದರು. ಅವರ ಮೇಲೆ ಒಂದು ಒಳ್ಳೆಯ ಚಿತ್ರ ಇನ್ನೂ ಬರಬೇಕಾಗಿದೆ.

ವೀರಪ್ಪನ್‌ನ ಹೆಂಡತಿ ಮುತ್ತುಲಕ್ಷ್ಮಿ, 2013ರಲ್ಲಿ ತೆರೆಗೆ ಬಂದ ಚಿತ್ರವೊಂದರ ವಿರುದ್ಧ ಕೋರ್ಟಿಗೆ ಹೋದರು. ತಕರಾರು ಸುಪ್ರೀಂ ಕೋರ್ಟು ಮುಟ್ಟಿ, ನಿರ್ಮಾಣದವರು 25 ಲಕ್ಷ ರೂಪಾಯಿ ಕೊಡಬೇಕಾಯಿತು. 2023ರಲ್ಲಿ ಬಂದ ಸಾಕ್ಷ್ಯಚಿತ್ರ ಸರಣಿಯಲ್ಲಿ ಅವರೇ ಕ್ಯಾಮೆರಾ ಮುಂದೆ ಕುಳಿತು ಮಾತಾಡಿದ್ದಾರೆ. ಅವರು ಹೇಳುವುದನ್ನೆಲ್ಲ ಒಪ್ಪಬೇಕಿಲ್ಲ. ಅವನು ಕೊಂದವರ ಮನೆಗಳಲ್ಲೂ ಹೆಂಡಂದಿರಿದ್ದಾರೆ, ಅವರ ನೋವು ಇದಕ್ಕಿಂತ ಹಗುರವಲ್ಲ. ಆದರೆ ಬದುಕಿರುವ ಹೆಣ್ಣಿನ ಕಥೆಯನ್ನು ಅವಳನ್ನು ಕೇಳದೆ ಬರೆಯುವ ರೂಢಿ ನಿಲ್ಲಬೇಕು.

ಆದ್ದರಿಂದ ಅಕಾಡೆಮಿಯಲ್ಲಿ ನಮ್ಮ ಕೋರಿಕೆಗಳು ಇವು. ಚಿತ್ರಕಥಾ ಕಮ್ಮಟಗಳಲ್ಲಿ ಒಂದು ಪೂರ್ತಿ ದಿನವನ್ನು ಕೋರ್ಟು ದಾಖಲೆ ಓದುವುದಕ್ಕೆ ಮೀಸಲಿಡಿ. ಜಿಲ್ಲಾ ನ್ಯಾಯಾಲಯಗಳ ತೀರ್ಪುಗಳು ಇ-ಕೋರ್ಟ್ಸ್ ಜಾಲತಾಣದಲ್ಲಿ ಸಿಗುತ್ತವೆ, ಪ್ರಕರಣದ ಸಂಖ್ಯೆಯಿಂದಲೂ ಕಕ್ಷಿದಾರರ ಹೆಸರಿನಿಂದಲೂ ಹುಡುಕಬಹುದು. ತೀರ್ಪಿನ ಕೊನೆಯಲ್ಲಿ ಸಾಕ್ಷಿಗಳ ಪಟ್ಟಿ ಇರುತ್ತದೆ, ಅದರಲ್ಲಿ ಹೆಂಗಸರ ಹೆಸರಿಗೆ ಗುರುತು ಹಾಕಿಕೊಂಡು ಹಿಂದಕ್ಕೆ ಬಂದು ಓದಲು ಕಲಿಸಿ: ಮನೆ ಮಹಜರಿನಲ್ಲಿ ಅವಳು ಏನು ಹೇಳಿದಳು, ಮ್ಯಾಜಿಸ್ಟ್ರೇಟರ ಮುಂದೆ ಏನು ಹೇಳಿದಳು, ವಿಚಾರಣೆಯಲ್ಲಿ ಪ್ರತಿಕೂಲ ಸಾಕ್ಷಿಯಾದಳೇ, ನಡುವೆ ಎಷ್ಟು ವರ್ಷ ಸರಿದಿತ್ತು. ಬರೆಯುವಾಗ ಹೆಸರು, ಊರು ಬದಲಿಸಬೇಕೆಂದೂ, ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಗುರುತು ಹೊರಗೆಡಹುವುದೇ ಅಪರಾಧವೆಂದೂ ಮೊದಲ ತರಗತಿಯಲ್ಲೇ ಹೇಳಿ. ನಿಜ ವ್ಯಕ್ತಿಗಳ ಕಥೆಯಾದರೆ ಬದುಕಿರುವ ಹೆಂಡತಿ, ಸಂಗಾತಿ, ಮಕ್ಕಳ ಲಿಖಿತ ಒಪ್ಪಿಗೆಯ ಮಾದರಿ ಪತ್ರವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿ ಎಲ್ಲ ನಿರ್ಮಾಪಕರಿಗೂ ಸಿಗುವಂತೆ ಮಾಡಿ.

ಕಮ್ಮಟವನ್ನು ಮೈಸೂರಿನಲ್ಲಿ ಇಟ್ಟುಕೊಳ್ಳುವುದಾದರೆ ಕಲಮುಗಳನ್ನು ವಿವರಿಸಲು, ಕರಡು ಚಿತ್ರಕಥೆಯ ಪೊಲೀಸ್ ಮತ್ತು ಕೋರ್ಟ್ ದೃಶ್ಯಗಳನ್ನು ತಿದ್ದಿಕೊಡಲು ನಾವು ಸಂಭಾವನೆ ಇಲ್ಲದೆ ಬರುತ್ತೇವೆ. ಮೈಸೂರಿನ ಮಳಲವಾಡಿ ನ್ಯಾಯಾಲಯದಲ್ಲಿ ಒಂದು ದಿನದ ಕಲಾಪವನ್ನು ಹೊಸ ಬರಹಗಾರರು ಕುಳಿತು ನೋಡುವ ಏರ್ಪಾಡಿಗೂ ಜೊತೆಯಾಗುತ್ತೇವೆ. ದಿನಾಂಕವನ್ನು ಅಕಾಡೆಮಿಯೇ ಗೊತ್ತುಮಾಡಲಿ.

ಇಂತಿ,
ಮೈಸೂರು ಮತ್ತು ಮಂಡ್ಯದ ಕೆಲವು ವಕೀಲರು, ನ್ಯಾಯಾಲಯ ವರದಿಗಾರರು ಮತ್ತು ಓದುಗರು